ಒಂದೇ ಸೀಟು, ಒಂದೇ ಲೆನ್ಸು

ಶಿರಸಿ
೯ ಫೆಬ್ರುವರಿ ೨೦೦೩, ಭಾನುವಾರ

ಪ್ರೀತಿಯ ತಮ್ಮ ಸುಜಯನಿಗೆ,

ನಿನ್ನ ಅಕ್ಕ ಪರಿಮಳಾ ಬರೆಯುವ ಕಾಗದ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನಿನ್ನ ಹಡಗೂ ಅದರೊಳಗಿನ ನೀನೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಉತ್ತರ ಬರೆಯಲಿಲ್ಲ ಅಂತ ಬೈದುಕೊಂಡಿದ್ದರೆ ಬೈದುಕೋ, ತಪ್ಪು ನನ್ನದೇ. ಮದುವೆ ಸೀಸನ್ನು ಅಂತ ನೆವ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದು ಹೋದೆ. ಇವತ್ತು ನಿನ್ನ ಭಾವ ಯಾತ್ರೆ ಬಸ್ಸಿನ ದೇವರು ಹೆಗಡೇರ ಮನೆಗೆ ಹೋಗಿದ್ದಾರೆ, ಸ್ಟುಡಿಯೋದಲ್ಲಿ ನಾನೊಬ್ಬಳೇ. ಗಿರಾಕಿ ಬರುವುದರೊಳಗೆ ಮುಗಿಸುತ್ತೇನೆ.

ಮಾರ್ಚ್ ಕೊನೆಗೆ ಸಿಂಗಾಪುರ ಮುಟ್ಟುತ್ತೇವೆ, ಭಾವನಿಗೆ ಏನು ತರಲಿ ಎಂದು ಒಂದು ಸಾಲು ಕೇಳಿದ್ದೆಯಲ್ಲ, ಆ ಒಂದು ಸಾಲು ಈ ಮನೆಯಲ್ಲಿ ಏನೆಲ್ಲ ಮಾಡಿತು ಕೇಳು. ‘ಲೆನ್ಸು’ ಎಂದರು ನಿನ್ನ ಭಾವ, ಕಾಗದ ಮಡಚುವ ಮೊದಲೇ. ಎಲ್ಲದಕ್ಕೂ ಆಗುವ ಒಂದೇ ಲೆನ್ಸು. ಹತ್ತಿರದ ಗುಂಪೂ ಹಿಡಿಯಬೇಕು, ದೂರದ ಹಿಮದ ಗುಡ್ಡವೂ ಸಿಗಬೇಕು, ನಡುವೆ ಬಿಚ್ಚಿ ಬದಲಿಸುವ ರಗಳೆ ಇರಬಾರದು. ಅಂದಿನಿಂದ ಊಟಕ್ಕೆ ಕೂತರೂ ಅದೇ ಮಾತು. ಹಳೇ ಫೋಟೋಗ್ರಫಿ ಪತ್ರಿಕೆಗಳನ್ನೆಲ್ಲ ಅಟ್ಟದಿಂದ ಇಳಿಸಿ, ಇಪ್ಪತ್ತೆಂಟು–ಇನ್ನೂರು ಮಿಲಿಮೀಟರಿನದೋ ಇಪ್ಪತ್ತೆಂಟು–ಮುನ್ನೂರರದೋ ಅಂತ ಗೋಡೆಗೆ ಪಟ್ಟಿ ಅಂಟಿಸಿದ್ದಾರೆ. ಮಗಳು ಅಭಿಜ್ಞಾ ತನ್ನ ಹತ್ತನೇ ಕ್ಲಾಸಿನ ಟೈಮ್‌ಟೇಬಲ್ ಅಂಟಿಸಲು ಜಾಗವಿಲ್ಲ ಎಂದು ಮುಖ ಊದಿಸಿಕೊಂಡಿದ್ದಾಳೆ.

ಹಿಮದ ಗುಡ್ಡ ಎಲ್ಲಿಂದ ಬಂತು ಅನ್ನುತ್ತೀಯೇನೋ. ದೇವರು ಹೆಗಡೇರು ಪ್ರತಿ ವರ್ಷ ಶಿರಸಿಯಿಂದ ಕೇದಾರ–ಬದರಿಗೆ ಯಾತ್ರೆಯ ಬಸ್ಸು ಒಯ್ಯುವುದು ನಿನಗೆ ಗೊತ್ತಲ್ಲ. ಬಸ್ಸಿನಲ್ಲಿ ಒಂದು ಸೀಟು ಫೋಟೋದವರಿಗೆ ಪುಕ್ಕಟೆ. ಹೋದಲ್ಲೆಲ್ಲ ಗುಂಪಿನ ಫೋಟೋ ತೆಗೆಯಬೇಕು, ತಿರುಗಿ ಬಂದಮೇಲೆ ಮನೆ ಮನೆಗೆ ಪ್ರಿಂಟು ಮುಟ್ಟಿಸಬೇಕು, ಅಷ್ಟೇ. ಇಷ್ಟು ವರ್ಷ ಹೋಗುತ್ತಿದ್ದ ಹುಬ್ಬಳ್ಳಿಯವನು ಈ ಸಲ ಒಲ್ಲೆ ಅಂದನಂತೆ. ಹೆಗಡೇರು ಖುದ್ದು ಅಂಗಡಿಗೆ ಬಂದು, “ಒಂದೇ ಸೀಟು ಇದ್ದು ಮಾರಾಯ. ನಿಂಗ ಇಬ್ರಲ್ಲಿ ಯಾರು ಬಂದ್ರೂ ಅಡ್ಡಿಲ್ಲೆ, ಫೋಟೋ ಚೊಲೊ ಬಂದ್ರೆ ಆತು” ಎಂದರು. ಯಾರು ಬಂದರೂ ಅಡ್ಡಿಲ್ಲೆ ಅಂದಾಗ ಆಸೆ ಮುಖದಲ್ಲಿ ಕಂಡೀತು ಅಂತ ನಾನು ತಲೆ ತಗ್ಗಿಸಿ ಲಕೋಟೆಗಳನ್ನು ಜೋಡಿಸತೊಡಗಿದೆ.

ಸುಜಯ, ನಾನು ಹುಬ್ಬಳ್ಳಿ ದಾಟಿ ಹೋದವಳಲ್ಲ. ಹುಬ್ಬಳ್ಳಿಗೆ ಹೋಗುವುದೂ ಕಲರ್ ಲ್ಯಾಬಿಗೆ ರೋಲು ಕೊಟ್ಟು ಮರುಬಸ್ಸಿಗೆ ಬರಲು. ಹದಿನೇಳು ವರ್ಷದಿಂದ ಈ ಎಂಟಡಿ ಡಾರ್ಕ್‌ರೂಮಿನ ಕೆಂಪು ಬಲ್ಬಿನ ಕೆಳಗೆ ಊರಿನವರ ಪ್ರವಾಸವನ್ನೆಲ್ಲ ನಾನೇ ತೊಳೆದಿದ್ದೇನೆ. ತಾಜಮಹಲನ್ನು ಇನ್ನೂರು ಸಲವಾದರೂ ನೋಡಿದ್ದೇನೆ, ಪ್ರತಿ ಸಲವೂ ಅದರ ಮುಂದೆ ಬೇರೆ ಯಾರೋ ನಿಂತಿರುತ್ತಾರೆ. ಒಂದು ಸಲ ನಾನು ಹೋಗಬೇಕು. ಇದನ್ನು ನಿನ್ನ ಹತ್ತಿರವಲ್ಲದೆ ಮತ್ತ್ಯಾರ ಹತ್ತಿರ ಹೇಳಲಿ.

ಮೊನ್ನೆ ದಾಸನಕೊಪ್ಪದ ಗುರುಶಾಂತವ್ವ ಯಾತ್ರೆಯ ಅರ್ಜಿಗೆ ಫೋಟೋ ತೆಗೆಸಲು ಬಂದಿದ್ದಳು. ನಗಬೇಡಿ, ನೇರ ನೋಡಿ ಅಂದೆ. “ನಗಬ್ಯಾಡ ಅಂತಿ, ಕಣ್ಣು ಮುಚ್ಚಬ್ಯಾಡ ಅಂತಿ, ಕೇದಾರಕ್ಕ ಹೊಂಟಾಕಿ ಮುಖಾ ಮತ್ತ ಹೆಂಗಿರಬೇಕವ್ವಾ?” ಎಂದಳು. ಹೋಗುವಾಗ ನನ್ನ ಗಲ್ಲ ಹಿಡಿದು, “ನೀನೂ ಬಾರವ್ವಾ. ಎಷ್ಟು ದಿನಾ ಹಿಂಗ ಗ್ವಾಡಿ ನೋಡಕೋತ ಕುಂದರತಿ?” ಎಂದಳು. ಹಿಂದಿನ ಕೋಣೆಯಲ್ಲಿ ನಿನ್ನ ಭಾವ ಇದ್ದರು, ಕೇಳಿಸಿರಬೇಕು.

ಈಗ ಕೈಯ ವಿಷಯ. ಇದನ್ನು ನಿನಗೆ ಬರೆದಿರಲಿಲ್ಲ. ಮೂರು ವರ್ಷದಿಂದ ನಿನ್ನ ಭಾವನ ಬಲಗೈ ನಡುಗುತ್ತದೆ. ಹುಬ್ಬಳ್ಳಿಯ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಹೆಚ್ಚಾಗದಂತೆ ತಡೆಯಬಹುದು, ಹೋಗುವುದಿಲ್ಲ ಎಂದಿದ್ದಾರೆ. ಊರಿಗೆ ಗೊತ್ತಾಗಬಾರದು ಎಂದು ನಿನ್ನ ಭಾವ ನನ್ನಿಂದ ಆಣೆ ಹಾಕಿಸಿಕೊಂಡರು. ಮದುವೆ ಮನೆಯಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಇರುತ್ತದೆ, ಅವರು ಹಿಂದೆ ನಿಂತು “ಹೂಂ, ಇತ್ಲಾಗೆ ನೋಡಿ” ಅನ್ನುತ್ತಾರೆ, ಶಟರು ಒತ್ತುವ ಕೇಬಲ್ಲಿನ ತುದಿ ನನ್ನ ಸೆರಗಿನೊಳಗೆ ಇರುತ್ತದೆ. ಒತ್ತುವವಳು ನಾನು. ಜನ ನನ್ನನ್ನು ಲೈಟಿನ ವಾಯರು ಹಿಡಿಯುವವಳು ಅಂದುಕೊಂಡಿದ್ದಾರೆ. ಹೋದ ನವೆಂಬರಿನಲ್ಲಿ ಯಲ್ಲಾಪುರದ ಒಂದು ಮುಂಜಿಯಲ್ಲಿ ಲೆನ್ಸು ಬದಲಿಸುವಾಗ ಅವರ ಕೈಯಿಂದ ನೂರಾ ಮೂವತ್ತೈದರ ಲೆನ್ಸು ಜಾರಿ ಮೆಟ್ಟಿಲ ಮೇಲೆ ಬಿತ್ತು. ಎಣ್ಣೆ ಕೈ ಎಂದರು. ಒಂದೇ ಲೆನ್ಸಿನ ಹುಚ್ಚು ಹಿಡಿದದ್ದು ಅವತ್ತಿನಿಂದ.

ತಮಾಷೆ ಏನು ಗೊತ್ತೇನೋ, ಬದಲಿಸುವ ಕಷ್ಟ ತಪ್ಪಿಸುವ ಆ ಲೆನ್ಸು ಮಿಕ್ಕೆಲ್ಲ ಲೆನ್ಸಿಗಿಂತ ಗಟ್ಟಿ ಕೈ ಕೇಳುತ್ತದೆ. ದೂರದ್ದನ್ನು ಹತ್ತಿರ ಎಳೆದಷ್ಟೂ ಅದರೊಳಗೆ ಬರುವ ಬೆಳಕು ಕಡಿಮೆ, ಶಟರು ನಿಧಾನ, ಕೈ ಒಂದು ಕೂದಲೆಳೆ ಅಲುಗಿದರೂ ಚಿತ್ರ ಕದಡಿ ಹೋಗುತ್ತದೆ. ಬಸ್ಸು ಹತ್ತು ನಿಮಿಷ ನಿಲ್ಲುವ ಕಡೆ ಸ್ಟ್ಯಾಂಡು ಹೂಡಲು ಪುರಸೊತ್ತಿಲ್ಲ. ಇದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ, ನನಗೆ ಕಲಿಸಿದವರೇ ಅವರು.

ಯಲ್ಲಾಪುರದಲ್ಲಿ ಬ್ಯಾಂಕಿನಲ್ಲಿರುವ ಸುಮಂತ ಅಂತ ಒಬ್ಬ ಹುಡುಗ, ಹಕ್ಕಿ ಫೋಟೋದ ಮರುಳ, ನಮ್ಮಲ್ಲೇ ರೋಲು ತೊಳೆಸುತ್ತಾನೆ. ಅವನ ಹತ್ತಿರ ಇಪ್ಪತ್ತೆಂಟು–ಇನ್ನೂರು ಇತ್ತು. ನಾಲ್ಕು ದಿನಕ್ಕೆ ಕಡ ತಂದೆವು. “ಇಬ್ರೂ ಒಂದೊಂದು ರೋಲು ತೆಗೆಯನ. ಆನು ತೆಗದಿದ್ದನ್ನೇ ನೀನೂ ತೆಗಿ. ಯಾರದ್ದು ಚೊಲೊ ಬತ್ತೋ ಅವ್ರು ಬಸ್ ಹತ್ತದು” ಎಂದರು ನಿನ್ನ ಭಾವ. ನ್ಯಾಯದ ಮಾತು. ಬೆಳಗಿನ ಮೊದಲ ಬಸ್ಸಿಗೆ ಗುಡ್ನಾಪುರಕ್ಕೆ ಹೋದೆವು. ಕೆರೆಯ ಮೇಲಿನ ಮಂಜು ಇನ್ನೂ ಸರಿದಿರಲಿಲ್ಲ. ಅವರು ಮೊಣಕೈಗಳನ್ನು ಹೊಟ್ಟೆಗೆ ಒತ್ತಿ, ಉಸಿರು ಕಟ್ಟಿ, ಮೂವತ್ತಾರು ಫೋಟೋ ತೆಗೆದರು. ಒಂದೊಂದಕ್ಕೂ ಬೆವರುತ್ತಿದ್ದರು, ಫೆಬ್ರುವರಿಯ ಚಳಿಯಲ್ಲಿ. ಆಮೇಲೆ ಅದೇ ಜಾಗದಲ್ಲಿ ನಿಂತು ನಾನು ತೆಗೆದೆ. ಅದೇ ನೀರುಕಾಗೆ, ಅದೇ ದೋಣಿ, ಆಚೆ ದಂಡೆಯ ಅದೇ ಕಲ್ಲು.

ಎರಡೂ ಕಪ್ಪು–ಬಿಳುಪಿನ ರೋಲು, ಒಂದೇ ಡಬ್ಬಿಯಲ್ಲಿ ತೊಳೆದೆ. ಒಣಗಲು ತೂಗುಹಾಕುವಾಗಲೇ ಗೊತ್ತಾಯಿತು. ಅವರ ರೋಲಿನಲ್ಲಿ ಹಕ್ಕಿಗಳು ಹಕ್ಕಿಗಳಾಗಿರಲಿಲ್ಲ, ಗೀರುಗಳಾಗಿದ್ದವು. ನನ್ನದರಲ್ಲಿ ರೆಕ್ಕೆಯ ನೀರ ಹನಿ ಎಣಿಸಬಹುದಿತ್ತು. ಆ ಕತ್ತಲೆ ಕೋಣೆಯಲ್ಲಿ ನಿಂತು ನನಗೆ ಮೊದಲು ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ, ಕುಣಿಯುವ ಹಾಗಾಯಿತು. ಅಷ್ಟರಲ್ಲಿ ಹೊರಗಿನಿಂದ, “ತೊಳದು ಆತನೇ? ಎಂತಾ ಬಂತು?” ಎಂದು ಅವರು ಕೇಳಿದರು. ಆ ದನಿ ಪರೀಕ್ಷೆಯ ರಿಸಲ್ಟು ಕೇಳುವ ಮಕ್ಕಳ ದನಿಯ ಹಾಗಿತ್ತು. ನನಗೆ ಆಗಲಿಲ್ಲ, ಸುಜಯ. ನನ್ನ ರೋಲಿನ ಪ್ರಿಂಟಿನ ಹಿಂದೆ ಅವರ ಹೆಸರು ಬರೆದೆ, ಅವರದರ ಹಿಂದೆ ನನ್ನ ಹೆಸರು ಬರೆದೆ, ನೆಗೆಟಿವಿನ ಲಕೋಟೆಗಳ ಮೇಲೂ ಹಾಗೇ.

ಪಾಪ ಅಂತಷ್ಟೇ ಮಾಡಿದೆ ಎಂದರೂ ಪೂರ್ತಿ ನಿಜವಲ್ಲ. ಒಳಗೊಂದು ಲೆಕ್ಕಾಚಾರವೂ ಇತ್ತು. ತಾನು ಗೆದ್ದೆ ಅಂತ ಆದಮೇಲೆ ಅವರ ಮನಸ್ಸು ತಿಳಿಯಾಗುತ್ತದೆ, ‘ಆನು ಸುಮಾರು ಊರು ನೋಡಿದ್ದೆ, ಈ ಸಲ ನೀನು ಹೋಗು’ ಅಂತ ಅವರೇ ಹೇಳುತ್ತಾರೆ ಅಂದುಕೊಂಡೆ. ಇಷ್ಟು ವರ್ಷ ಜೊತೆಗಿದ್ದು ಗಂಡನನ್ನು ಅಷ್ಟಾದರೂ ಅರಿತಿದ್ದೇನೆ ಅಂತ ನನ್ನ ಜಂಬ.

ನಿನ್ನ ಭಾವ ಪ್ರಿಂಟು, ನೆಗೆಟಿವ್ ಎರಡನ್ನೂ ಕಿಟಕಿಯ ಬೆಳಕಿಗೆ ಒಯ್ದರು. ಭೂತಗನ್ನಡಿ ಇಟ್ಟು ಒಂದೊಂದನ್ನೂ ಬಹಳ ಹೊತ್ತು ನೋಡಿದರು. “ಒಂದೂ ಅಲ್ಲಾಡಿದ್ದಿಲ್ಲೆ” ಎಂದರು. ಮರುದಿನ ಹೆಗಡೇರು ಬಂದಾಗ ಎರಡನ್ನೂ ಮುಂದಿಟ್ಟರು. ಹೆಗಡೇರು ನನ್ನ ಹೆಸರಿನದನ್ನು ನೋಡಿ, “ತಂಗಿ, ಇದೆಂತಾ ಹಿಂಗಾಜು?” ಎಂದರು. ನಾನು ಬಾಯಿ ತೆರೆಯುವ ಮೊದಲು ನಿನ್ನ ಭಾವ ಹೇಳಿದರು: “ಅದ್ರ ಕೈ ಇನ್ನೂ ಪಳಗಿದ್ದಿಲ್ಲೆ. ಉದ್ದ ಲೆನ್ಸು ಹಿಡದ್ರೆ ನಡುಗ್ತು.” ಹೆಗಡೇರು ಡೈರಿ ತೆಗೆದು ಶಾಂತಾರಾಮ ಅಂತ ನಿನ್ನ ಭಾವನ ಹೆಸರು ಬರೆದುಕೊಂಡರು. ನಾನು ಒಳಗೆ ಹೋಗಿ ಅವರಿಬ್ಬರಿಗೂ ಚಹಾ ಮಾಡಿದೆ.

ಅಭಿಜ್ಞಾ, “ಆಯಿ, ನೀನೇ ಹೋಗ್ತೆ ಅಂದಿದ್ದೆ” ಎಂದಳು. ನಿನ್ನ ಪರೀಕ್ಷೆ ನೋಡಿಕೊಳ್ಳೇ ಎಂದು ಗದರಿದೆ. ಪರೀಕ್ಷೆ ಮುಗಿದ ಮೇಲೆ ಅವಳು ಸಿದ್ದಾಪುರಕ್ಕೆ ದೊಡ್ಡಮ್ಮನ ಮನೆಗೆ ಹೋಗುತ್ತಾಳೆ. ಬಸ್ಸು ಹೋಗುವ ಮೇ ತಿಂಗಳಿಡೀ ಅಂಗಡಿಯಲ್ಲಿ ನಾನೊಬ್ಬಳೇ, ಶಾಲೆ ಶುರುವಾಗುವ ಕಾಲ, ಪಾಸ್‌ಪೋರ್ಟ್ ಸೈಜಿನ ಜಾತ್ರೆ. ಸತ್ಯ ಹೇಳಿಬಿಡಲೇ ಅಂತ ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಹೇಳಿದರೆ ಅವರ ಕೈ ಊರಿಗೆಲ್ಲ ಗೊತ್ತಾಗುತ್ತದೆ, ಅಂಗಡಿಗೆ ಯಾರು ಬರುತ್ತಾರೆ? ಹೇಳದಿದ್ದರೆ ನಲವತ್ತು ಜನರ ಕೇದಾರ ಗೀರಾಗಿ ಬರುತ್ತದೆ. ಯಾವ ಬದಿಗೆ ತಿರುಗಿದರೂ ಗೋಡೆ. ಆ ಗೋಡೆ ಕಟ್ಟಿದವಳೂ ನಾನೇ.

ಹೋಗಲಿ. ಲೆನ್ಸಿನ ವಿಷಯ ಸರಿಯಾಗಿ ತಿಳಿದುಕೋ. ಅವರು ಮುನ್ನೂರು ಅನ್ನುತ್ತಾರೆ, ನೀನು ಇನ್ನೂರೇ ತಾ. ಮುನ್ನೂರರಲ್ಲಿ ಬೆಳಕು ಇನ್ನೂ ಕಡಿಮೆ, ತೂಕವೂ ಹೆಚ್ಚು. ಕೊಳ್ಳುವ ಮೊದಲು ಲೆನ್ಸನ್ನು ತಲೆಕೆಳಗು ಹಿಡಿದು ನೋಡು, ಕೊಳವೆ ತಾನಾಗಿ ಜಾರಿ ಉದ್ದವಾದರೆ ಬೇಡ. ಎಷ್ಟು ಹತ್ತಿರದವರೆಗೆ ಸ್ಪಷ್ಟ ಕಾಣುತ್ತದೆ ಕೇಳು. ಹಳೇ ಮಾದರಿಯವು ಏಳೆಂಟು ಅಡಿ ದೂರ ಬೇಡುತ್ತವೆ, ಬಸ್ಸಿನೊಳಗೆ ಅಷ್ಟು ದೂರ ಎಲ್ಲಿಂದ ಬರಬೇಕು? ನಮ್ಮ ಕ್ಯಾಮೆರಾದ ಲೆನ್ಸಿನ ಹಿಂಬದಿ ಮುಚ್ಚಳವನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ಲೆನ್ಸಿನ ಬುಡಕ್ಕೆ ಹಾಕಿ ನೋಡು. ಕೂತರೆ ಅದೇ ನಮ್ಮದು. ಅಂಗಡಿಯವನು ಚಂದ ಮಾತಾಡಿದ ಅಂತ ಏನಾದರೂ ಹಿಡಿದುಕೊಂಡು ಬರಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಹೊತ್ತು ಹೊತ್ತಿಗೆ ಉಣ್ಣು. ಮಶೀನಿನ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೋ. ಸಮುದ್ರದ ಮೇಲೆ ಎಲ್ಲಿದ್ದರೂ ದೇವರು ನಿನ್ನನ್ನು ಚೆನ್ನಾಗಿಡಲಿ, ಮುಂದಿನ ವರ್ಷವಾದರೂ ನಿನ್ನ ಮದುವೆಯ ಫೋಟೋ ತೆಗೆಯುವ ಯೋಗ ನನಗೆ ಬರಲಿ.

ನಿನ್ನ ಅಕ್ಕ,
ಪರಿಮಳಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಒಡೆದು ಬರೆಯುತ್ತಿದ್ದೇನೆ. ನಿನ್ನ ಭಾವ ಈಗ ಬಂದರು. ಚಪ್ಪಲಿ ಬಿಡುತ್ತ, ನನ್ನ ಮುಖ ನೋಡದೆ ಕೇಳಿದರು: “ಗುಡ್ನಾಪುರದಲ್ಲಿ ನೀನು ನಂದೊಂದು ಫೋಟೋ ತೆಗದಿದ್ದೆ ಅಲ್ದಾ, ಕೆರೆ ದಂಡೆ ಮೇಲೆ ಕೂತಿದ್ದು? ಅದೊಂದು ಪ್ರಿಂಟ್ ಹಾಕ್ಕೊಡು.” ತೆಗೆದದ್ದು ಹೌದು, ನನ್ನ ರೋಲಿನಲ್ಲಿ. ಅವರೇ ತೆಗೆದ ರೋಲಿನಲ್ಲಿ ಅವರು ಇರುವುದು ಹೇಗೆ ಎಂದು ಅದೊಂದನ್ನು ಕತ್ತರಿಸಿ ತೆಗೆದಿಟ್ಟಿದ್ದೆ. ಆರು ಆರು ಫೋಟೋದ ಪಟ್ಟಿಗಳ ನಡುವೆ ಒಂದು ಪಟ್ಟಿಯಲ್ಲಿ ಐದೇ ಉಳಿದಿದ್ದವು. ಇಪ್ಪತ್ತೈದು ವರ್ಷ ನೆಗೆಟಿವ್ ನೋಡಿದವರಿಗೆ ಅದು ಕಾಣದೆ ಇರುತ್ತದೆಯೇ? ಭೂತಗನ್ನಡಿ ಇಟ್ಟುಕೊಂಡು ಅಷ್ಟು ಹೊತ್ತು ನೋಡಿದ್ದು ಅದಕ್ಕೇ. ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು, ಸುಜಯ. ಗೊತ್ತಿದ್ದೇ ಹೆಗಡೇರ ಎದುರು ನನ್ನ ಕೈ ನಡುಗುತ್ತದೆ ಅಂದರು.

“ಆ ಫೋಟೋ ಸರಿ ಬಂಜಿಲ್ಲೆ” ಎಂದೆ ನಾನು. “ಆತು ಬಿಡು” ಎಂದರು ಅವರು.

ಉತ್ತರದಲ್ಲಿ ಇದರ ಸುದ್ದಿ ಎತ್ತಬೇಡ. ನಿನ್ನ ಕಾಗದ ಮೊದಲು ಒಡೆದು ಓದುವವರು ಅವರೇ. ಲೆನ್ಸು ಯಾವುದು ಅಂತ ಮಾತ್ರ ಬರಿ.