ಅಕ್ಕನ ಕೀ

ಭಾವ, ನಮಸ್ಕಾರ.

ನಿಮ್ಮ ಹೊಸ ಮೊಬೈಲ್ ಈ ಪತ್ರದ ಜೊತೆಗಿದೆ. ಫೋಟೋ ಸ್ಟುಡಿಯೋದ ಕಂಪ್ಯೂಟರನ್ನು ಇನ್ನು ಇದರಿಂದಲೇ, ಎಲ್ಲಿದ್ದರೂ ತೆರೆಯಬಹುದು; ಅಲ್ಲಿ ಅದು ಆನ್ ಇರಬೇಕಷ್ಟೆ. ಪಾಸ್‌ವರ್ಡ್ ಬೇಡ, ಇದರೊಳಗೆ ನಾನು ಹಾಕಿರುವ ಡಿಜಿಟಲ್ ಕೀ ಸಾಕು. ಮೊಬೈಲನ್ನು ಯಾರ ಕೈಗೂ ಕೊಡಬೇಡಿ.

ತೀರಿಹೋದ ಅಕ್ಕನ ಮೊಬೈಲಿನ ಕೀಯನ್ನು ಕಂಪ್ಯೂಟರಿನಿಂದ ತೆಗೆದುಬಿಡು ಎಂದಿದ್ದಿರಿ. ಕೈ ಬರಲಿಲ್ಲ. "ನನ್ನ ಕೀ ಮುಟ್ಟಿದ್ರೆ ಕಿವಿ ಹಿಂಡ್ತೀನಿ ನೋಡು" ಅಂತಿದ್ದಳಲ್ಲ.

ಒಳಹೊಕ್ಕ ಕೂಡಲೇ, ಹಿಂದಿನ ಸಲ ಯಾವ ಮೊಬೈಲಿನಿಂದ ಬಂದಿದ್ದರೆಂದು ಕಂಪ್ಯೂಟರ್ ತೋರಿಸುತ್ತದೆ. ನಿನ್ನೆ ಈ ಮೊಬೈಲಿನಿಂದ ನಾನೇ ಹೋಗಿದ್ದೆ. ಇವತ್ತು ನೋಡಿದರೆ ಅಕ್ಕನ ಮೊಬೈಲಿನ ಹೆಸರಿತ್ತು, ಬೆಳಿಗ್ಗೆಯದು.

ಅವಳ ಮೊಬೈಲ್ ನಿಮ್ಮ ಮನೆಯ ಬೀರುವಿನಲ್ಲೇ ಇದೆಯಾ, ನೋಡಿ. ನೀವೇ ಚಾರ್ಜ್ ಹಾಕಿ ತೆರೆದಿದ್ದರೆ ಹೇಳಿ, ಸಂಕೋಚ ಬೇಡ. ನೀವಲ್ಲದಿದ್ದರೆ, ಸ್ಟುಡಿಯೋ ಬಾಗಿಲು ಹಾಕುವಾಗ ಕಂಪ್ಯೂಟರ್ ಮಾತ್ರ ಆರಿಸಬೇಡಿ.

ನಿಮ್ಮ ಭಾವಮೈದುನ