ಅಡುಗೆಮನೆಯಲ್ಲಿ ಎದ್ದ ನೊರೆ

ತಿರುವನಂತಪುರ, ಬೆಳಿಗ್ಗೆ

ಅನ್ವಿತಾ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಮೈದುನ ತೀರಿಕೊಂಡ ಇಲ್ಲಿನ ಉಳ್ಳೂರ್ ಫ್ಲಾಟನ್ನು ಶುಚಿಗೊಳಿಸಲು ಬಂದವನು ನಾನು, ಕಾಸರಗೋಡಿನವನು; ಸಾವು ನಡೆದ ಮನೆಗಳನ್ನು ತೊಳೆಯುವುದೇ ನಮ್ಮ ಕೆಲಸ. ನಿಮ್ಮ ನಂಬರನ್ನು ನಿಮ್ಮ ಯಜಮಾನರು ಕೊಡಲಿಲ್ಲ. ನೀವು ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೀರೆಂದು ವಾಚ್‌ಮನ್ ಹೇಳಿದ. ಈಗ ಕೊಚ್ಚಿಗೆ ಹೊರಟಿರುವ ನಮ್ಮವರೊಬ್ಬರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ತಮ್ಮನು ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸತ್ತನೆಂದು ಯಜಮಾನರು ಹೇಳಿದ್ದರು. “ಅದೊಂದು ತೊಳೀರಿ ಸಾಕು ಚೇಟ್ಟಾ, ಬೇರೆ ಕಡೆ ಕೈ ಹಾಕ್ಬೇಡಿ” ಎಂದೂ ಹೇಳಿದ್ದರು. ಆದರೆ ನಾವು ಯಾವಾಗಲೂ ಹೊರಬಾಗಿಲಿನಿಂದಲೇ ದ್ರಾವಣ ಸಿಂಪಡಿಸುತ್ತ ಒಳಗೆ ಹೋಗುತ್ತೇವೆ. ರಕ್ತ ಬಿದ್ದ ಜಾಗವನ್ನು ಒರೆಸಿದ್ದರೂ ಅಲ್ಲಿ ನೊರೆ ಏಳುತ್ತದೆ. ಫಳಫಳ ಹೊಳೆಯುತ್ತಿದ್ದ ಅಡುಗೆಮನೆಯ ನೆಲದಲ್ಲಿ ನೊರೆ ಎದ್ದಿತು. ಅಲ್ಲಿಂದ ಬಾತ್‌ರೂಮಿನವರೆಗೆ, ಏನನ್ನೋ ಎಳೆದೊಯ್ದಂತೆ, ಅಗಲವಾದ ಪಟ್ಟೆಯಾಗಿ ಎದ್ದಿತು.

ಕೆಲಸ ನಿಲ್ಲಿಸಿ ಪೊಲೀಸರಿಗೆ ತಿಳಿಸಿದ್ದೇನೆ. ನಾಳೆ ಬಂದು ನೋಡುತ್ತಾರಂತೆ. ಯಜಮಾನರಿಗೆ ಇದಿನ್ನೂ ಗೊತ್ತಿಲ್ಲ. ಇಂದು ಸಂಜೆಯ ಟ್ರೈನಿಗೆ ಅವರು ಕೊಚ್ಚಿಗೆ ಬರುತ್ತಾರೆ. ಅಷ್ಟರೊಳಗೆ ದಯವಿಟ್ಟು ಮಗಳನ್ನು ಶಾಲೆಯಿಂದಲೇ ಕರೆದುಕೊಂಡು ನಿಮ್ಮ ಕಡೆಯವರ ಯಾರ ಮನೆಗಾದರೂ ಹೋಗಿ. ಬಟ್ಟೆಬರೆಗೆಂದು ಮನೆಗೆ ಹೋಗಬೇಡಿ.

ನಿನ್ನೆ ಕೀ ಕೊಡುವಾಗ ಅವರು ನಕ್ಕು ಕೇಳಿದರು: “ಕೊಚ್ಚಿ ಮನೇಲೂ ಒಂದು ಕೆಲಸ ಬರಬಹುದು. ಅಲ್ಲಿಗೂ ಬರ್ತೀರಲ್ಲ?”

ಇಂತಿ,
ವಿಠಲ