ಆ ಹಲ್ಲಿಗೆ ವಾರ್ನಿಷ್ ಬಳಿಯುವ ಮುನ್ನ

ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ಉತ್ತರವನ್ನು ಮೊದಲು ಬರೆದು, ಪ್ರಶ್ನೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ? ಘಣಸೋಲಿಯ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಬದಿಯಲ್ಲಿ ಅಡಿಪಾಯ ತೋಡುವಾಗ ಸಿಕ್ಕಿದ ಮನುಷ್ಯನ ಪಳೆಯುಳಿಕೆ ಹಲ್ಲೊಂದು ತಮ್ಮ ವಶದಲ್ಲಿದೆ. ಸೋಮವಾರ ಅದಕ್ಕೆ ವಾರ್ನಿಷ್ ಬಳಿದು ಪ್ರದರ್ಶನಕ್ಕಿಡುತ್ತೀರಂತೆ. ಪಕ್ಕದ ಫಲಕ ಆಗಲೇ ಸಿದ್ಧ: 'ಈತ ಕಂದಮೂಲ ತಿಂದು ಬದುಕಿದವನು.' ಈತ ತಮ್ಮ ಕಿವಿಯಲ್ಲಿ ಬಂದು ಹೇಳಿದನೇ?

ನನ್ನ ಮಗಳು ತನ್ವಿ ಇಂಥ ಹಲ್ಲುಗಳನ್ನೇ ಅಭ್ಯಾಸ ಮಾಡುವವಳು. ತಿಂದ ಅನ್ನ ಮೈಗೆ ಹತ್ತುತ್ತದೆ ಎನ್ನುತ್ತೇವಲ್ಲ, ಅದು ಬರೀ ಮಾತಲ್ಲ. ಹಲ್ಲಿನ ಮೇಲ್ಪದರದಿಂದ ಚಿಟಿಕೆಗಿಂತ ಕಡಿಮೆ ಪುಡಿ ಕೆರೆದು, ಅದರೊಳಗಿನ ಇಂಗಾಲ ಮತ್ತು ಸತುವಿನಲ್ಲಿ ಹಗುರ ಪರಮಾಣು ಎಷ್ಟು, ಭಾರದ್ದು ಎಷ್ಟು ಎಂದು ಹೋಲಿಸಿದರೆ ಅವನು ಮೀನು ತಿಂದನೋ, ಬೇಟೆಯ ಮಾಂಸವೋ, ಸೊಪ್ಪೋ ಎಂಬ ಸುಳಿವು ಸಿಗುತ್ತದೆ. ವಾರ್ನಿಷ್ ಸೇರಿದರೆ ಆ ಲೆಕ್ಕ ಕೆಡುತ್ತದೆ. ವರ್ಷವಿಡೀ ಅನುಮತಿಗಾಗಿ ಅಲೆದವಳ ಜೊತೆ ಕಳೆದ ವಾರ ನಾನೂ ಬಂದೆ. ತಾವು ತಲೆಯೆತ್ತದೆ ಅಂದಿರಿ: "ಹೋಟೆಲ್‌ವಾಲೇ ಹೋ ನಾ? ಅಪ್ನಾ ಇಡ್ಲಿ ಸಂಭಾಲೋ."

ಸರಿ, ತನ್ನ ಇಡ್ಲಿ ನೋಡಿಕೊಂಡಿರಬೇಕಾದ ಈ ಹೋಟೆಲಿನವನ ಮನೆಯ ಕತೆಯನ್ನೇ ಕೇಳಿ. ಉಡುಪಿ ಕಡೆಯವರಾದ ನನ್ನ ಅಮ್ಮ ದಮಯಂತಿ, ಹರಕೆ ಹೊತ್ತು ಮೀನು ಬಿಟ್ಟು ವರ್ಷವಾಯಿತೆಂದು ಡೊಂಬಿವಲಿಯ ನೆಂಟರಿಗೆಲ್ಲ ಸಾರಿದ್ದರು. ಅಭ್ಯಾಸಕ್ಕೆಂದು ತನ್ವಿ ಅಜ್ಜಿಯ ಕೂದಲನ್ನು ಪರೀಕ್ಷಿಸಿದಳು.

"ಅಜ್ಜೀ, ಇಸ್‌ಮೇ ತೋ ಮಚ್ಛಿ ದಿಖ್ ರಹೀ ಹೈ!"

"ಕೂದಲಿಗೂ ಬಾಯಿ ಉಂಟಾ ಮಾರಾಯ್ತಿ?" ಕೂದಲಲ್ಲಿ ಮೀನು ಕಂಡಿತೆಂದು ಕೇಳಿ ಅಮ್ಮ ಹೌಹಾರಿದರು. ಆಮೇಲೆ ಮೆಲ್ಲಗೆ ಹೇಳಿದರು: "ದಿನಾ ಗಂಜಿಗೆ ಚೂರು ಒಣ ಸಿಗಡಿ ಚಟ್ನಿ ಹಾಕಿಕೊಳ್ತೇನೆ. ಚಟ್ನಿ ಎಂತ ಮೀನಾ?"

ಅಮ್ಮ ಸುಳ್ಳು ಹೇಳುವವರಲ್ಲ. ಒಂದೇ ಮನೆಯಲ್ಲಿ ಉಣ್ಣುವ ಅಮ್ಮನ ಊಟವೇ ನನಗೆ ಗೊತ್ತಿರಲಿಲ್ಲ. ಸಾವಿರಾರು ವರ್ಷಗಳ ಹಿಂದೆ ತೀರಿಹೋದವನ ಊಟ ತಮಗೆ ಹೇಗೆ ಗೊತ್ತಾಯಿತು? ಅವನು ಗೆಡ್ಡೆಗೆಣಸನ್ನೇ ತಿಂದಿರಬಹುದು. ಹಾಗೆಂದು ಪರೀಕ್ಷೆಯಲ್ಲಿ ಬಂದರೆ ತಮ್ಮ ಫಲಕಕ್ಕೆ ನಾನೇ ಹಾರ ಹಾಕುತ್ತೇನೆ. ಆದರೆ ಸಿಕ್ಕಿರುವುದು ಒಂದೇ ಹಲ್ಲು, ಕೆಟ್ಟರೆ ಇನ್ನೊಂದಿಲ್ಲ. ತನ್ವಿ ಸರಿಯಾಗಿ ಊಟ ಮಾಡುತ್ತಿಲ್ಲ. ನನಗೂ ಗಲ್ಲಾದಲ್ಲಿ ಕೂರಲಾಗುತ್ತಿಲ್ಲ. ಗಿರಾಕಿಯನ್ನು ನಿಲ್ಲಿಸಿ ಫೋನ್ ನೋಡುತ್ತೇನೆ, ತಮ್ಮ ಕಚೇರಿಯಿಂದ ಏನೂ ಇಲ್ಲ. ಸಿಟ್ಟು ಬರುತ್ತಿದೆ, ಮಾನ್ಯರೇ, ಹೆದರಿಕೆಯೂ ಆಗುತ್ತಿದೆ.

ವಾರ್ನಿಷ್ ಡಬ್ಬಿ ತೆರೆಯುವ ಮೊದಲು ಆ ಪುಡಿ ಕೊಡಿಸಿ. ಆಗದಿದ್ದರೆ ಫಲಕವನ್ನು ಅಳಿಸಿ, ಕೆಳಗೆ ತಮ್ಮ ಸಹಿಯೊಂದಿಗೆ ಹೀಗೆ ಬರೆಸಿ: 'ಈತ ಏನು ತಿಂದನೆಂದು ತಿಳಿಯಬಹುದಿತ್ತು. ನಾನು ಬೇಡವೆಂದೆ.'

ಇಂತಿ,
ಈ ವಾರ ಭಾನುವಾರಕ್ಕೇ ನಿಲ್ಲಲಿ ಎಂದು ಬೇಡುತ್ತಿರುವ ಒಬ್ಬ ಅಪ್ಪ,
ವಸಂತಕುಮಾರ, ಡೊಂಬಿವಲಿ